ಸದ್ದು ಬಂತು ಎಂದ ಮಾತ್ರಕ್ಕೆ ಜೋಡಿ ಸರಿಹೋಯಿತೇ?

ಕಳೆದ ತಿಂಗಳು ದಾವಣಗೆರೆಯ ಒಂದು ಸುಗಮ ಸಂಗೀತ ಕಾರ್ಯಕ್ರಮಕ್ಕೆ ಮಾನಿಟರ್ ಎಂಜಿನಿಯರ್ ಆಗಿ, ಅಂದರೆ ಕಲಾವಿದರ ಕಿವಿಗೆ ಅವರಿಗೆ ಬೇಕಾದ ಸದ್ದನ್ನು ಕೊಡುವವನಾಗಿ, ಹೋಗಿದ್ದೆ. ಬಾಡಿಗೆಗೆ ಬಂದ ಪೆಟ್ಟಿಗೆಯಲ್ಲಿ ಟ್ರಾನ್ಸ್‌ಮಿಟರ್‌ಗಳೆಲ್ಲ ಒಂದು ಕಂಪನಿಯವು. ಅವು ಕಳಿಸಿದ ಸದ್ದನ್ನು ಹಿಡಿದು ಕಿವಿಯ ಇಯರ್‌ಫೋನ್‌ಗೆ ಕೊಡಲು ಕಲಾವಿದರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಇನ್-ಇಯರ್ ಪ್ಯಾಕ್‌ಗಳಲ್ಲಿ ಎರಡು ಮಾತ್ರ ಇನ್ನೊಂದು ಕಂಪನಿಯವು. "ಫ್ರೀಕ್ವೆನ್ಸಿ ಒಂದೇ ಇಟ್ರೆ ಸೌಂಡ್ ಬರುತ್ತೆ ಸರ್, ನಾವು ಯಾವಾಗ್ಲೂ ಹೀಗೇ ಮಾಡೋದು" ಎಂದರು ಸಾಮಾನು ತಂದ ಹುಡುಗರು. ಸದ್ದು ಬಂದದ್ದು ನಿಜ. ಆದರೆ ಎರಡನೆಯ ಹಾಡಿಗೇ ಗಾಯಕಿ ಇಯರ್ ತೆಗೆದು, "ತಬಲಾ ಪೆಟ್ಟು ಬಿದ್ದಾಗಲೆಲ್ಲ ಶ್ರುತಿ ಮುಳುಗಿ ಮತ್ತೆ ಏಳ್ತಾ ಇದೆ, ಸ್ವರ ಎಲ್ಲಿ ನಿಲ್ಲಿಸ್ಲಿ?" ಎಂದು ಕೇಳಿದರು. ಆ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಅನಲಾಗ್ ಇನ್-ಇಯರ್ ವ್ಯವಸ್ಥೆಗಳು ಬಹುಮಟ್ಟಿಗೆ ಎಫ್‌ಎಂ ರೇಡಿಯೊದ ದಾರಿಯಲ್ಲೇ ನಡೆಯುತ್ತವೆ. ಎಡ-ಬಲಗಳನ್ನು ಒಂದೇ ವಾಹಕ ತರಂಗದ ಮೇಲೆ ಕಳಿಸಿ, 19 ಕಿಲೋಹರ್ಟ್ಸ್‌ನ ಪೈಲಟ್ ಸ್ವರದ ನೆರವಿನಿಂದ ಪ್ಯಾಕ್‌ನಲ್ಲಿ ಮತ್ತೆ ಬೇರ್ಪಡಿಸಲಾಗುತ್ತದೆ. ಈ ಸಾಮ್ಯದಿಂದಾಗಿಯೇ ಒಂದು ಕಂಪನಿಯ ಟ್ರಾನ್ಸ್‌ಮಿಟರ್‌ನ ಸದ್ದು ಇನ್ನೊಂದರ ಪ್ಯಾಕ್‌ನಲ್ಲಿ ಕೇಳಿಸುತ್ತದೆ, ಮೋಸ ಹೋಗುವುದೂ ಇಲ್ಲಿಯೇ. ರೇಡಿಯೊದ ಹಿನ್ನೆಲೆ ಗೊರಗೊರ ಕೇಳದಿರಲೆಂದು ಟ್ರಾನ್ಸ್‌ಮಿಟರ್ ಧ್ವನಿಯ ಏರಿಳಿತವನ್ನು, ಸಾಮಾನ್ಯವಾಗಿ ಎರಡಕ್ಕೆ ಒಂದರಂತೆ, ಹಿಸುಕಿ ಕಳಿಸುತ್ತದೆ. ಪ್ಯಾಕ್ ಅದನ್ನು ಅಷ್ಟೇ ಪ್ರಮಾಣದಲ್ಲಿ ಹಿಗ್ಗಿಸಿ ಮೂಲಕ್ಕೆ ತರಬೇಕು. ಇದಕ್ಕೆ ಕಂಪ್ಯಾಂಡರ್ ಎಂದು ಹೆಸರು. ಹಿಸುಕುವ ವೇಗ, ಬಿಡುವ ವೇಗ, ಆಧಾರ ಮಟ್ಟ ಇವೆಲ್ಲ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ, ಒಬ್ಬರು ಹಿಸುಕಿದ್ದನ್ನು ಇನ್ನೊಬ್ಬರು ಹಿಗ್ಗಿಸಿದಾಗ ತಬಲಾದ ಪ್ರತಿ ಪೆಟ್ಟಿಗೂ ಶ್ರುತಿಯ ಮಟ್ಟ ಓಲಾಡುತ್ತದೆ. ಡ್ರಮ್ಸ್ ತುಂಬಿದ ಆರ್ಕೆಸ್ಟ್ರಾದಲ್ಲಿ ಈ ದೋಷ ಮುಚ್ಚಿಹೋಗಬಹುದು. ಎಡೆಬಿಡದೆ ಶ್ರುತಿ ಹಿಡಿದಿರುವ ನಮ್ಮ ಸಂಗೀತದಲ್ಲಿ ಮುಚ್ಚಿಹೋಗುವುದಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮಟ್ಟದ ವಿಚಾರ. ಎರಡು ಕಂಪನಿಗಳ ನಡುವೆ ಸಿಗ್ನಲ್ ಮಟ್ಟದಲ್ಲಿ 3 ಡೆಸಿಬಲ್ ವ್ಯತ್ಯಾಸವಿದ್ದರೆ, ಹಿಗ್ಗಿಸುವ ಸರ್ಕ್ಯೂಟ್ ಅದನ್ನು 6 ಡೆಸಿಬಲ್ ಮಾಡಿ ಕಿವಿಗೆ ಕೊಡುತ್ತದೆ. ಕೆಲಸದ ಜಾಗದ ಆರೋಗ್ಯ-ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು, ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. ಅಂದರೆ 91 ಡೆಸಿಬಲ್‌ಗೆ ಉಳಿಯುವುದು 2 ಗಂಟೆ. ಧ್ವನಿ ಬೆರೆಸುವ ಕನ್ಸೋಲ್‌ನ ಮೀಟರ್‌ನಲ್ಲಿ ಎಲ್ಲ ಪ್ಯಾಕ್‌ಗಳೂ ಒಂದೇ ಮಟ್ಟದಲ್ಲಿ ಕಾಣುತ್ತಿರುವಾಗ, ಒಬ್ಬ ಕಲಾವಿದರ ಸುರಕ್ಷಿತ ಅವಧಿ ಮಾತ್ರ ಕಾಲುಭಾಗಕ್ಕೆ ಇಳಿದಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಹಾಗೆಂದು ಬೆರಕೆಯೇ ಕೂಡದು ಎಂಬುದು ನನ್ನ ವಾದವಲ್ಲ. ಸೆನ್‌ಹೈಸರ್‌ನ ಹಳೆಯ ತಲೆಮಾರಿನ ಜಿ3 ಟ್ರಾನ್ಸ್‌ಮಿಟರ್ ಜೊತೆಗೆ ಅದರ ನಂತರದ ಜಿ4 ಪ್ಯಾಕ್ ಬಳಸಲು ನಾನು ಹಿಂಜರಿಯುವುದಿಲ್ಲ. ಎರಡರ ಕಂಪ್ಯಾಂಡರ್ ಒಂದೇ, ಬ್ಯಾಂಡ್, ಅಂದರೆ ಫ್ರೀಕ್ವೆನ್ಸಿ ವ್ಯಾಪ್ತಿ, ಕೂಡ ಒಂದೇ ಇದ್ದರೆ ಸಾಕು. ಲೆಕ್ಟ್ರೋಸಾನಿಕ್ಸ್‌ನ ಹಲವು ರಿಸೀವರ್‌ಗಳಲ್ಲಿ ಬೇರೆ ಕಂಪನಿಗಳ ಅನಲಾಗ್ ಟ್ರಾನ್ಸ್‌ಮಿಟರ್‌ಗಳಿಗೆ ಹೊಂದುವ ಮೋಡ್‌ಗಳನ್ನು ಕಂಪನಿಯೇ ಕೊಟ್ಟಿದೆ. ಡಿಜಿಟಲ್ ವ್ಯವಸ್ಥೆಗಳಲ್ಲಂತೂ ಈ ಗೊಂದಲವೇ ಇಲ್ಲ, ಕಂಪನಿ ಬೇರೆಯಾದರೆ ಸದ್ದೇ ಬರುವುದಿಲ್ಲ.

ಅನುಮಾನವಿದ್ದರೆ ಪರೀಕ್ಷಿಸಲು ಉಪಕರಣವೇನೂ ಬೇಡ. ಮೈಕಿನ ಮುಂದೆ ಬೀಗದ ಕೈ ಗೊಂಚಲನ್ನು ಅಲ್ಲಾಡಿಸಿ, ಮೊದಲು ಕನ್ಸೋಲ್‌ನ ಹೆಡ್‌ಫೋನ್‌ನಲ್ಲಿ, ಆಮೇಲೆ ಪ್ಯಾಕ್‌ನಲ್ಲಿ ಕೇಳಿ. ಕಂಪ್ಯಾಂಡರ್ ಹೊಂದದಿದ್ದರೆ ಆ ಕಿಣಿಕಿಣಿ ಒಡೆದು, ಹಿಂದೆಯೇ ಒಂದು ಉಸಿರಿನಂಥ ಸದ್ದು ಬರುತ್ತದೆ. ಆಮೇಲೆ ಎಡಗಡೆಗೆ ಮಾತ್ರ ಸಿಗ್ನಲ್ ಕೊಟ್ಟು, ಬಲಗಡೆ ಎಷ್ಟು ಸೋರುತ್ತಿದೆ ಎಂದು ಗಮನಿಸಿ, ಹೆಚ್ಚು ಸೋರಿದರೆ ಎಡ-ಬಲ ಸರಿಯಾಗಿ ಬೇರ್ಪಡುತ್ತಿಲ್ಲ ಎಂದರ್ಥ.

ಫ್ರೀಕ್ವೆನ್ಸಿ ಆಯ್ಕೆಯಲ್ಲಿಯೂ ಎಚ್ಚರ ಬೇಕು. 518.2 ಮತ್ತು 519.0 ಮೆಗಾಹರ್ಟ್ಸ್‌ನ ಎರಡು ಟ್ರಾನ್ಸ್‌ಮಿಟರ್‌ಗಳ ಆಂಟೆನಾಗಳು ಅಕ್ಕಪಕ್ಕ ನಿಂತರೆ 517.4 ಮತ್ತು 519.8ರಲ್ಲಿ ಬೇಡದ ಸಿಗ್ನಲ್ ಹುಟ್ಟಬಹುದು. ಕಂಪನಿಯ ಸಿದ್ಧ ಫ್ರೀಕ್ವೆನ್ಸಿ ಪಟ್ಟಿಗಳು ತಮ್ಮದೇ ಗುಂಪಿನೊಳಗಿನ ಇಂಥ ಘರ್ಷಣೆಯನ್ನು ತಪ್ಪಿಸುತ್ತವೆಯೇ ಹೊರತು ಪಕ್ಕದ ಕಂಪನಿಯ ಲೆಕ್ಕವನ್ನು ಇಡುವುದಿಲ್ಲ.

ಬಾಡಿಗೆಯವರ ಕಷ್ಟ ನನಗೆ ಗೊತ್ತು. ಮದುವೆ, ಗಣೇಶೋತ್ಸವದ ದಿನಗಳಲ್ಲಿ ಪ್ಯಾಕ್‌ಗಳು ನಾಲ್ಕು ಊರಿಗೆ ಹಂಚಿಹೋಗಿರುತ್ತವೆ, ಕೆಲವು ಮರಳಿ ಬರುವುದೂ ಇಲ್ಲ. ಆದರೂ ಯಾವ ಕಲಾವಿದರ ಕಿವಿಗೆ ಬೆರಕೆ ಜೋಡಿ ಹೋಗುತ್ತಿದೆ ಎಂಬುದನ್ನು ಮುಂಚಿತವಾಗಿ ಹೇಳುವುದು ಅವರ ಹೊಣೆ. ಕೇಳಿ ತಿಳಿದುಕೊಳ್ಳುವುದು ನಮ್ಮ ಹೊಣೆ.

ಅಂದು ದಾವಣಗೆರೆಯಲ್ಲಿ ಆ ಎರಡು ಬೇರೆ ಕಂಪನಿಯ ಪ್ಯಾಕ್‌ಗಳಲ್ಲಿ ಒಂದು ಗಾಯಕಿಯ ಬಳಿ, ಇನ್ನೊಂದು ಕೊಳಲಿನವರ ಬಳಿ ಇತ್ತು. ವಿರಾಮದಲ್ಲಿ ಎರಡನ್ನೂ ಪೆಟ್ಟಿಗೆಗೆ ಹಾಕಿಸಿ, ತಬಲಾದವರ ಸರಿಯಾದ ಪ್ಯಾಕನ್ನು ಗಾಯಕಿಗೆ ಕೊಟ್ಟು, ಕೂತಲ್ಲಿಂದ ಏಳದ ತಬಲಾ ಮತ್ತು ಕೊಳಲಿನವರಿಗೆ ಹೆಡ್‌ಫೋನ್ ಆಂಪ್ಲಿಫೈಯರ್‌ನಿಂದ ನೇರವಾಗಿ ಉದ್ದದ ವೈರ್ ಎಳೆದೆ. ಉಳಿದ ಒಂದೂವರೆ ಗಂಟೆ ಗಾಯಕಿ ಇಯರ್ ತೆಗೆಯಲಿಲ್ಲ.