ಕಸ್ಟರನ ಬ್ಲ್ಯಾಕ್ ಹಿಲ್ಸ್ ದಂಡಯಾತ್ರೆ: ಅಂದಿನ ಪತ್ರಿಕೆಗಳನ್ನು ನಂಬಬಹುದೇ?

1874ರ ಜುಲೈ 2ರಂದು ಅಮೆರಿಕದ ಸೇನಾಧಿಕಾರಿ ಕಸ್ಟರ್ ಡಕೋಟಾದ ಫೋರ್ಟ್ ಏಬ್ರಹಾಂ ಲಿಂಕನ್ ಕೋಟೆ ಬಿಟ್ಟು, ಬೆಟ್ಟಸೀಮೆಯಾದ ಬ್ಲ್ಯಾಕ್ ಹಿಲ್ಸ್‌ಗೆ ಹೊರಟ. ಜತೆಗೆ ಸುಮಾರು ಸಾವಿರ ಜನ, 110 ಬಂಡಿ, ಮೂರು ಗ್ಯಾಟ್ಲಿಂಗ್ ಬಂದೂಕು, ಕೆಲವು ಪತ್ರಕರ್ತರು.

ಪರ

ಸೇನೆಯ ಕಡತ ಕಮಾಂಡರನ ಮಾತನ್ನೇ ಮುಂದಿಡುತ್ತದೆ. ಜುಲೈ 26ರಂದು ಕ್ಯಾಸಲ್ ಕ್ರೀಕ್ ಕಣಿವೆಯಲ್ಲಿ ಐದು ಡೇರೆಗಳ, ಮೂಲನಿವಾಸಿ ಲಕೋಟಾ ಜನರ ಬಿಡಾರ ಎದುರಾಯಿತು. ರೇಷನ್ ಕೊಡುವ ಮಾತಾಯಿತು, ಆಮೇಲೆ ಬಂದೂಕಿಗಾಗಿ ಎಳೆದಾಟ, ಗುಂಡು. ಹಿರಿಯ ಒನ್ ಸ್ಟ್ಯಾಬ್‌ನನ್ನು ದಾರಿ ತೋರಿಸಲು ಹಿಡಿದಿಟ್ಟುಕೊಂಡರು. ಇಂಥ ಗಳಿಗೆಗೆ ಕಸ್ಟರನ ವರದಿಯೊಂದೇ ಸಾಲದು, ಪಕ್ಕದಲ್ಲಿ ಇನ್ನೊಂದು ಕಣ್ಣು ಬೇಕು. ಷಿಕಾಗೋ ಇಂಟರ್-ಓಷನ್‌ನ ಕರ್ಟಿಸ್, ನ್ಯೂಯಾರ್ಕ್ ಟ್ರಿಬ್ಯೂನ್‌ನ ಬ್ಯಾರೋಸ್ ದಂಡಿನ ಜತೆಯಲ್ಲೇ ಇದ್ದವರು.

ಓದುವ ಕ್ರಮ ಗೊತ್ತಿರಬೇಕು, ಅಷ್ಟೆ. ಮೊದಲು ಪತ್ರಕರ್ತ ಕಳಿಸಿದ ಪತ್ರದ ತಲೆಯಲ್ಲಿರುವ ಊರು, ತಾರೀಖು ನೋಡಿ. ಅಚ್ಚಾದ ದಿನ ಬೇರೆಯೇ ಇರುತ್ತದೆ. ಆಗಸ್ಟ್ 3ರಂದು ಪತ್ರಗಳೊಂದಿಗೆ ಶಿಬಿರ ಬಿಟ್ಟ ಸ್ಕೌಟ್ (ಸೇನೆಯ ದಾರಿಕಾರ) ಚಾರ್ಲಿ ರೇನಾಲ್ಡ್ಸ್ ಫೋರ್ಟ್ ಲಾರಾಮಿ ಮುಟ್ಟಿದ್ದು 8ರಂದು. ಸುದ್ದಿ ಕಳಿಸಲು ತಂತಿ ಸಿಕ್ಕಿದ್ದು ಅಲ್ಲಿಂದಾಚೆ. ಶೀರ್ಷಿಕೆಯನ್ನು ಬದಿಗಿಡಿ, ಅದು ಸಾಮಾನ್ಯವಾಗಿ ಊರಲ್ಲಿ ಕೂತ ಸಂಪಾದಕನ ಕೈಕೆಲಸ. ದಾರಿಯ ದೂರವನ್ನು ಎಂಜಿನಿಯರ್ ಲಡ್ಲೊ ಓಡೋಮೀಟರ್ (ದೂರ ಅಳೆಯುವ ಸಾಧನ) ಇಟ್ಟು ಅಳೆಸಿದ ದಿನವಹಿಗೆ ಹೋಲಿಸಿ. ದೂರವನ್ನೇ ಬಾಯಿಗೆ ಬಂದಂತೆ ಬರೆದವನ ಉಳಿದ ಲೆಕ್ಕಗಳನ್ನೂ ಅನುಮಾನದಿಂದ ನೋಡಬಹುದು.

ವಿರೋಧ

ನಾಲ್ಕು ಪತ್ರಿಕೆ ಇದ್ದ ಮಾತ್ರಕ್ಕೆ ನಾಲ್ಕು ಸಾಕ್ಷಿ ಆಗುವುದಿಲ್ಲ. ಎಲ್ಲರದೂ ಒಂದೇ ಶಿಬಿರ, ಕಿವಿಗೆ ಬಿದ್ದದ್ದು ಅದೇ ಅಧಿಕಾರಿಗಳ ಮಾತು, ಪತ್ರ ಒಯ್ದವನು ಸೇನೆಯ ಸ್ಕೌಟ್. ಸೇಂಟ್ ಪಾಲ್ ಪಯನೀರ್‌ಗೆ ಬರೆದ ಡೊನಾಲ್ಡ್‌ಸನ್ನಂತೂ ದಂಡಿನ ಸಸ್ಯಶಾಸ್ತ್ರಜ್ಞನೇ. ಅವನನ್ನು ಹೊರಗಿನವನೆನ್ನುವುದು ಹೇಗೆ?

ಚಿನ್ನದ ಸುದ್ದಿಯನ್ನೇ ನೋಡಿ. ಗಣಿಗಾರರಾದ ರಾಸ್, ಮೆಕೇ ಫ್ರೆಂಚ್ ಕ್ರೀಕ್‌ನ ಮರಳನ್ನು ಬಾಣಲೆಯಲ್ಲಿ ತೊಳೆದಾಗ ಕಂಡದ್ದು ಸಣ್ಣ ಕಣಗಳು. ಜತೆಗಿದ್ದ ಭೂವಿಜ್ಞಾನಿ ವಿಂಚೆಲ್ ತಾನು ಚಿನ್ನವನ್ನೇ ಕಾಣಲಿಲ್ಲವೆಂದ. ಪತ್ರಿಕೆಗಳಲ್ಲಿ ಮಾತ್ರ ಅದು ಸಂಪತ್ತಿನ ನಾಡಾಯಿತು. 1873ರ ಆರ್ಥಿಕ ಕುಸಿತದಿಂದ ನಾರ್ದರ್ನ್ ಪೆಸಿಫಿಕ್ ರೈಲುಮಾರ್ಗ ಡಕೋಟಾದ ಬಿಸ್ಮಾರ್ಕ್‌ನಲ್ಲೇ ನಿಂತಿತ್ತು, ವಲಸೆ ಬಂದರೆ ಊರಿಗೆ ವ್ಯಾಪಾರ. ಬಿಸ್ಮಾರ್ಕ್ ಟ್ರಿಬ್ಯೂನ್‌ನ ಉತ್ಸಾಹವನ್ನು ಈ ಲೆಕ್ಕ ಕಳೆದೇ ಓದಬೇಕು. ಚಿನ್ನ ನಿಜವೇ ಎಂದು ನೋಡಲು ಸರ್ಕಾರ 1875ರಲ್ಲಿ ಭೂವಿಜ್ಞಾನಿ ಜೆನ್ನಿಯನ್ನು ಕಳಿಸಿತು, ಅಷ್ಟರಲ್ಲಿ ಜನ ನುಗ್ಗಿಯಾಗಿತ್ತು. ಅಮೆರಿಕ ಸರ್ಕಾರವೇ ಮಾಡಿಕೊಂಡ 1868ರ ಒಪ್ಪಂದದಂತೆ ಅದು ಲಕೋಟಾಗಳ ನೆಲ.

ಇನ್ನು ಡಿಜಿಟಲ್ ಸಂಗ್ರಹದ ಮೋಸ. ಹುಡುಕಿದರೆ ಸಾಲುಸಾಲು ವರದಿ ಬರುತ್ತವೆ. ಆ ಕಾಲದ ಪತ್ರಿಕೆಗಳು ಒಂದರದ್ದನ್ನೊಂದು ಎತ್ತಿ ಅಚ್ಚು ಹಾಕುತ್ತಿದ್ದವು. ವಾಕ್ಯ ಜೋಡಿಸಿ ನೋಡಿದರೆ ಹಲವು ಒಂದೇ ಪತ್ರದ ಪ್ರತಿಗಳು. ಒನ್ ಸ್ಟ್ಯಾಬ್‌ನ ಹೆಸರೂ ಒಂದೆಡೆ ಹೀಗೆ, ಇನ್ನೊಂದೆಡೆ ಸ್ಟ್ಯಾಬರ್. ಅವನು ಏನು ಹೇಳಿದನೆಂಬುದು ಹಿಡಿದವರ ಬಾಯಿಂದಲೇ ಬರುತ್ತದೆ.