ಕಾಲೋನ ಕವಾಯತು ಚಿತ್ರಗಳನ್ನು ಒಂಟಿಯಾಗಿ ತೋರಿಸಬಹುದೇ?

ಜಾಕ್ ಕಾಲೋ, ಆಗ ಇನ್ನೂ ಫ್ರಾನ್ಸಿಗೆ ಸೇರಿರದ ಲೊರೇನ್ ಸೀಮೆಯ ನಾನ್ಸಿ ಊರಿನವನು. ತಾಮ್ರದ ಹಾಳೆಗೆ ಲೇಪ ಬಳಿದು, ಅದರ ಮೇಲೆ ಗೀರಿ, ಗೀರಿದಲ್ಲಿ ಆಸಿಡ್‌ನಿಂದ ಕೊರೆಸಿ ಅಚ್ಚು ತೆಗೆಯುವ ಎಚಿಂಗ್ ಕಲೆಯಲ್ಲಿ 17ನೇ ಶತಮಾನದ ದೊಡ್ಡ ಹೆಸರು. 1633ರಲ್ಲಿ ಅವನ ‘ಯುದ್ಧದ ಸಂಕಟಗಳು’ ಎಂಬ 18 ಚಿತ್ರಗಳ ಸರಣಿ ಬಂತು. 1635ರಲ್ಲಿ, ಅವನು ತೀರಿಕೊಂಡ ವರ್ಷವೇ, ಸೈನಿಕರ ಕವಾಯತಿನ ಪುಟ್ಟ ಚಿತ್ರಗಳು ಪ್ರಕಟವಾದವು. ಈ ಕವಾಯತು ಚಿತ್ರಗಳನ್ನು ‘ಸಂಕಟಗಳು’ ಜೊತೆಗಿಲ್ಲದೆ ಗೋಡೆಗೆ ಹಾಕುವುದು ಸರಿಯೇ?

ಪರ

ಸರಿ. ಒಂಟಿಯಾಗಿಯೇ ನೋಡಬೇಕು.

ಇವು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕವು. ಹತ್ತಿರ ಹೋಗಿ ನೋಡಿದರೆ ಮಾತ್ರ ದಕ್ಕುತ್ತವೆ. ಆಗಿನ ಕೋವಿ ತುಂಬಾ ಭಾರ. ಆನಿಸಿಕೊಳ್ಳಲು ಕವಲುಗೋಲು ಬೇಕು, ಜೊತೆಗೆ ಉರಿಯುವ ಬತ್ತಿಯನ್ನೂ ಮದ್ದನ್ನೂ ಅದೇ ಎರಡು ಕೈಗಳಲ್ಲಿ ಸಂಭಾಳಿಸಬೇಕು. ಒಂದು ಹೆಜ್ಜೆ ತಪ್ಪಿದರೂ ಪಕ್ಕದವನ ಜೀವಕ್ಕೇ ಅಪಾಯ. ಕವಾಯತು ಸುಮ್ನೆ ಶೋಕಿಗೆ ಹುಟ್ಟಿದ್ದಲ್ಲ.

1607ರಲ್ಲಿ ಹೇಗ್ ನಗರದಲ್ಲಿ ಡಚ್ ಕಲಾವಿದ ಯಾಕಬ್ ಡ ಖೇನ್ ಇದನ್ನೇ 117 ಚಿತ್ರಗಳಲ್ಲಿ ಬಿಡಿಬಿಡಿಯಾಗಿ ತೋರಿಸಿದ್ದ. ಅದು ಕಲಿಸುವ ಪುಸ್ತಕ. ಕಾಲೋಗೆ ಬೇಕಿದ್ದದ್ದು ಮೈಯ ಬಾಗು, ಸೊಂಟದ ತಿರುವು, ಉದ್ದ ಈಟಿ ಎತ್ತುವಾಗ ಭುಜಕ್ಕೆ ಬೀಳುವ ಭಾರ. ಅದಕ್ಕೆ ತಕ್ಕ ಗೆರೆಯನ್ನೂ ಅವನೇ ಹುಡುಕಿಕೊಂಡ. ತಾಮ್ರದ ಹಾಳೆಗೆ ಬಳಿಯುವ ಮೆತ್ತನೆಯ ಮೇಣದ ಲೇಪ ಬಿಟ್ಟು, ತಂತಿವಾದ್ಯ ಮಾಡುವವರ ಗಟ್ಟಿ ವಾರ್ನಿಷ್ ಹಿಡಿದ. ಓರೆ ತುದಿಯ ಉಳಿಯಂಥ ಸೂಜಿಯಿಂದ ಗೀರಿದ. ಕೈ ತಿರುಗಿಸಿದಂತೆ ಗೆರೆ ದಪ್ಪವಾಗಿ ಮತ್ತೆ ಸಣ್ಣಗಾಗುತ್ತದೆ. ದೂರದ ಗೆರೆಗಳನ್ನು ಬೇಗ ಮುಚ್ಚಿ, ಹತ್ತಿರದವನ್ನು ಆಸಿಡ್‌ನಲ್ಲಿ ಇನ್ನಷ್ಟು ಹೊತ್ತು ಬಿಟ್ಟರೆ ದೂರದ ಪಡೆ ತೆಳುವಾಗಿ, ಮುಂದಿನ ಸೈನಿಕ ಕಪ್ಪಗೆ ಮೂಡುತ್ತಾನೆ.

ಪಕ್ಕದಲ್ಲೇ ‘ಸಂಕಟಗಳು’ ಸರಣಿಯ ನೇಣುಮರದ ಚಿತ್ರ ಇಟ್ಟರೆ ಇದೆಲ್ಲ ಯಾರ ಕಣ್ಣಿಗೆ ಬಿದ್ದೀತು? ಈ ಸೈನಿಕ ಇನ್ನೂ ಯಾರ ಮನೆಯನ್ನೂ ಸುಟ್ಟಿಲ್ಲ. ಅವನನ್ನು ಮುಂಚೆಯೇ ಅಪರಾಧಿ ಮಾಡುವುದು ಅನ್ಯಾಯ ಅಲ್ವಾ?

ಇನ್ನೊಂದು ಮಾತು. ಕಾಲೋ ಯುದ್ಧವಿರೋಧಿ ಎಂದು ಸಲೀಸಾಗಿ ಹೇಳಿಬಿಡುತ್ತೇವೆ. ಬ್ರೆಡಾ ಮುತ್ತಿಗೆಯನ್ನು ಸ್ಪೇನಿನ ಕಡೆಯವರಿಗೆ, ಲಾ ರೊಶೆಲ್ ಮುತ್ತಿಗೆಯನ್ನು ಫ್ರಾನ್ಸಿನ ದೊರೆ 13ನೇ ಲೂಯಿಗೆ ಚಿತ್ರವಾಗಿ ಬರೆದುಕೊಟ್ಟವನೂ ಇವನೇ. ‘ಸಂಕಟಗಳು’ ಮುಗಿಯುವುದೂ ದೊರೆ ಒಳ್ಳೆಯ ಸೈನಿಕರಿಗೆ ಬಹುಮಾನ ಕೊಡುವಲ್ಲಿ.

ವಿರೋಧ

ಬಹುಮಾನದ ಚಿತ್ರ ಇದೆ, ನಿಜ. ಅದಕ್ಕೂ ಮೊದಲಿನ ಚಿತ್ರಗಳನ್ನು ನೋಡಿ. ಎರಡನೆಯದರಲ್ಲಿ ಸೈನಿಕರ ನೇಮಕ, ಸಾಲುಸಾಲು ಈಟಿಗಳು. ಐದನೆಯದರಲ್ಲಿ ಸೈನಿಕರು ಒಂದು ರೈತನ ಮನೆಗೆ ನುಗ್ಗಿದ್ದಾರೆ. ಒಲೆಯ ಬೆಂಕಿಯ ಮೇಲೆ ಒಬ್ಬನನ್ನು ತಲೆಕೆಳಗಾಗಿ ತೂಗುಹಾಕಿದ್ದಾರೆ. ಹನ್ನೆರಡನೆಯದರಲ್ಲಿ ಕಂಬಕ್ಕೆ ಕಟ್ಟಿದವನ ಮೇಲೆ ಗುಂಡು. ಗುರಿಯಿಡುವವನ ನಿಲುವು ಕವಾಯತಿನಲ್ಲಿ ಕಲಿತ ನಿಲುವೇ. ಕೊಲ್ಲುತ್ತಿರುವುದು ತಪ್ಪು ಮಾಡಿದ ಸೈನಿಕನನ್ನೇ.

ಎರಡೂ ಸರಣಿಗಳ ನಡುವೆ ಎರಡೇ ವರ್ಷ. 1618ರಲ್ಲಿ ಶುರುವಾದ ಯುರೋಪಿನ ‘ಮೂವತ್ತು ವರ್ಷಗಳ ಯುದ್ಧ’ ಆಗಲೂ ನಡೆದೇ ಇತ್ತು. 1633ರಲ್ಲಿ ಫ್ರೆಂಚ್ ಪಡೆ ಅವನ ನಾನ್ಸಿಯನ್ನೇ ಹಿಡಿದಿತ್ತು. ಅಂಥವನ ಕವಾಯತು ಚಿತ್ರಕ್ಕೆ ಊರಿನ ಕಥೆಯೇ ಬೇಡ ಎನ್ನುವುದು ಹೇಗೆ? ಗೆರೆ ಚೆಂದವಿದ್ದಷ್ಟೂ ಭಯ ಜಾಸ್ತಿ. ಈ ಸೊಗಸು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ತೋರಿಸದೆ ನೋಡುಗನನ್ನು ಮನೆಗೆ ಕಳಿಸಬಾರದು. ಕವಾಯತಿನ ಕೋವಿಯನ್ನೂ ಹನ್ನೆರಡನೆಯ ಚಿತ್ರವನ್ನೂ ಒಂದೇ ಗೋಡೆಗೆ, ಒಂದೇ ಎತ್ತರದಲ್ಲಿ ಹಾಕಿ.