ನೆಲವೇ ಕಿರುಚಿದರೆ ನಾಣ್ಯದ ಸದ್ದು ಕೇಳುವುದುಂಟೇ?

ನೆಲದಡಿಯ ಲೋಹ ಹುಡುಕುವ ಮೆಟಲ್ ಡಿಟೆಕ್ಟರ್ ಹಿಡಿದು ಪಾಳುಮನೆಯ ಹಿತ್ತಿಲಿಗೆ ಇಳಿಯುವವರಿಗೆ ಮಂಗಳೂರು, ಉಡುಪಿ ಕಡೆ ಮೊದಲ ವೈರಿ ಹಾವಲ್ಲ, ಮುರಕಲ್ಲು ಎಂಬ ಕೆಂಪುಕಲ್ಲು. ಅದರ ತುಂಬ ಕಬ್ಬಿಣದ ಅಂಶ. ಪೆಟ್ಟಿಗೆಯಿಂದ ತೆಗೆದ ಹಾಗೇ ಯಂತ್ರವನ್ನು ಕೆಂಪು ಮಣ್ಣಿಗೆ ಹಿಡಿದರೆ, ಜಾತ್ರೆಯಲ್ಲಿ ಪೀಪಿ ಸಿಕ್ಕ ಮಗುವಿನ ಹಾಗೆ ಊದಲು ಶುರು. ನಿಲ್ಲಿಸುವುದೇ ಇಲ್ಲ.

ಇದಕ್ಕೆ ಮದ್ದು ಗ್ರೌಂಡ್ ಬ್ಯಾಲೆನ್ಸ್, ಅಂದರೆ ನೆಲದ ಕೂಗನ್ನು ಯಂತ್ರ ಕಿವಿಗೆ ಹಾಕಿಕೊಳ್ಳದಂತೆ ಹೊಂದಿಸುವುದು. ಕೆಳಗೆ ಲೋಹವಿಲ್ಲದ ಜಾಗ ನೋಡಿ ಕಾಯಿಲನ್ನು, ಅಂದರೆ ಯಂತ್ರದ ತುದಿಯ ತಟ್ಟೆಯನ್ನು, ಒಂದಡಿ ಎತ್ತುವುದು, ನೆಲಕ್ಕೆ ಎರಡು ಬೆರಳಿನಷ್ಟು ಹತ್ತಿರ ಇಳಿಸುವುದು. ಎತ್ತಿದಾಗಲೂ ಇಳಿಸಿದಾಗಲೂ ಸದ್ದು ಒಂದೇ ಆಗುವವರೆಗೆ ಹೊಂದಿಸುವುದು. ಬೇಲಿಯಾಚೆ ನಿಂತವರಿಗೆ ಇದು ಪೂಜೆಯಂತೆ ಕಾಣುತ್ತದೆ. “ಎಂತ ಮಾರಾಯ್ರೆ, ನಿಧಿ ಉಂಟಾ?” ಎಂಬ ಪ್ರಶ್ನೆ ಖಾತ್ರಿ. ಆಮೇಲೂ ಗಲಾಟೆಯಿದ್ದರೆ ಸೆನ್ಸಿಟಿವಿಟಿ, ಅಂದರೆ ಯಂತ್ರದ ಸೂಕ್ಷ್ಮತೆ, ತಗ್ಗಿಸಿ. ಪೂರ್ತಿ ಏರಿಸಿದರೆ ಆಳ ಸಿಗುತ್ತದೆಂದು ನಂಬಿದವರಿಗೆ ತಲೆನೋವು ಮಾತ್ರ ಸಿಗುತ್ತದೆ.

ಎರಡನೇ ವೈರಿ ನಮ್ಮದೇ ಹೆಮ್ಮೆಯ ಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದೇ ಹಾಕಿದ್ದು, ಈಗ ಕುಸಿದ ಮಾಡಿನ ಕೆಳಗೆಲ್ಲ ಅದರದ್ದೇ ಚೂರು. ಜೇಡಿಮಣ್ಣಿನಲ್ಲಿರುವ ಕಬ್ಬಿಣ ಭಟ್ಟಿಯಲ್ಲಿ ಸುಟ್ಟ ಮೇಲೆ ಕಾಂತಗುಣ ಪಡೆಯುತ್ತದೆ, ಹಾಗಾಗಿ ಹೆಂಚೂ ಕೂಗುತ್ತದೆ. ಜೊತೆಗೆ ಹೆಂಚು ಹೊತ್ತ ಮರದ ಪಕ್ಕಾಸು, ರೀಪುಗಳ ತುಕ್ಕು ಹಿಡಿದ ಮೊಳೆ. ಕಾಯಿಲನ್ನು ಉದ್ದಕ್ಕೂ ಅಡ್ಡಕ್ಕೂ ಬೀಸಿ ನೋಡಿ. ಎರಡೂ ಸಲ ಒಂದೇ ಬಿಂದುವಿನಲ್ಲಿ ಚುಟುಕಾದ ಗಟ್ಟಿ ಸದ್ದು ಬಂದರೆ ಮಾತ್ರ ಅಗೆಯಿರಿ. ಒಂದು ಕಡೆ ಕೂಗಿ ಇನ್ನೊಂದು ಕಡೆ ಸುಮ್ಮನಾದರೆ ಹೆಚ್ಚಾಗಿ ಮೊಳೆಯೇ. ಸೋಡಾ ಬಾಟಲಿಯ ಮುಚ್ಚಳ ಮಾತ್ರ ಯಾವ ಪರೀಕ್ಷೆಯಲ್ಲೂ ನಾಣ್ಯವಾಗಿಯೇ ಪಾಸಾಗುತ್ತದೆ.

ಕಿರಿಕಿರಿ ತಾಳದೆ ಡಿಸ್ಕ್ರಿಮಿನೇಶನ್, ಅಂದರೆ ಬೇಡದ ಲೋಹವನ್ನು ಸೋಸುವ ಸೆಟ್ಟಿಂಗ್, ಮೇಲೇರಿಸಿ ಸಿಗರೇಟಿನ ಬೇಗಡೆಯನ್ನೆಲ್ಲ ಬಾಯಿ ಮುಚ್ಚಿಸಿದಿರೋ, ಅರ್ಧ ಗ್ರಾಮೂ ತೂಗದ ಹಳೆಯ ಚಿನ್ನದ ‘ಹಣ’ ಎಂಬ ನಾಣ್ಯವೂ ಅದರೊಂದಿಗೆ ಮೌನವ್ರತಕ್ಕೆ ಕೂರುತ್ತದೆ. ಮಲ್ಪೆ, ಪಣಂಬೂರಿನ ಕಡಲತೀರಕ್ಕೆ ಹೋದರೆ ಒಣ ಮರಳಲ್ಲೇ ಇರಿ. ಉಪ್ಪುನೀರು ವಿದ್ಯುತ್ ಹರಿಸುವುದರಿಂದ ಒದ್ದೆ ಮರಳಿನಲ್ಲಿ ಒಂದೇ ಫ್ರೀಕ್ವೆನ್ಸಿಯ ಯಂತ್ರಕ್ಕೆ ಹುಚ್ಚು ಹಿಡಿಯುತ್ತದೆ.

ಮಂಗಳೂರಿನ ಸುಲ್ತಾನ್ ಬತ್ತೇರಿಯಂಥ ಐತಿಹಾಸಿಕ ಸ್ಮಾರಕಗಳ ಕಡೆ ಯಂತ್ರ ಹೊರತೆಗೆಯುವ ಯೋಚನೆಯೇ ಬೇಡ. ಪಾಳು ಹಿತ್ತಿಲಿಗೂ ಒಬ್ಬ ಯಜಮಾನ ಇರುತ್ತಾನೆ, ಕೇಳಿ. ನಿಜಕ್ಕೂ ಏನಾದರೂ ಸಿಕ್ಕಿತೋ, ಕರ್ನಾಟಕದ 1962ರ ನಿಧಿ ಕಾಯ್ದೆಯಿದೆ: ಜಿಲ್ಲಾಧಿಕಾರಿಗೆ ಲಿಖಿತ ಮಾಹಿತಿ ಕೊಡಬೇಕು.

ತಾಮ್ರದ ಕಾಸಿನ ಹಸಿರು ಪದರವನ್ನು ಹುಣಸೆಹುಳಿ ಹಚ್ಚಿ ತಿಕ್ಕಬೇಡಿ. 1835ರ ಈಸ್ಟ್ ಇಂಡಿಯಾ ಕಂಪೆನಿ ಕಾಲಾಣೆ ಹೊಳೆಯುತ್ತದೆ ನಿಜ, ಬೆಲೆ ಹುಳಿಯೊಂದಿಗೆ ಚರಂಡಿಗೆ. ದೇವರ ದೀಪದ ಜೊತೆ ಅಮ್ಮ ಅದನ್ನೂ ಬೆಳಗದಂತೆ ಎಲ್ಲಾದರೂ ಅಡಗಿಸಿಡಿ. ಹಿತ್ತಿಲಲ್ಲಿ ಮಾತ್ರ ಹೂಳಬೇಡಿ.